ಒತ್ತು, ಅದುಮು, ಹಿಂಡು: ನಮ್ಮ ಕೈಗಳ ಮಾತು

(ಸಂಘದ ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ಭಾಷೆಯ ಬಗ್ಗೆ ಏನಾದರೂ ಹೇಳಿ, ಆದರೆ ವ್ಯಾಕರಣದ ಪಾಠ ಬೇಡ’ ಎಂಬ ಷರತ್ತಿನ ಮೇಲೆ ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ಆ ಷರತ್ತನ್ನು ಕೊನೆಯಲ್ಲಿ ಐದು ನಿಮಿಷ ಮಾತ್ರ ಮುರಿಯುತ್ತೇನೆ, ಸಹಿಸಿಕೊಳ್ಳಿ. ಇವತ್ತು ನಾನು ಆರಿಸಿಕೊಂಡಿರುವುದು ಒಂದು ಸಣ್ಣ ವಿಷಯ. ಒಂದು ವಸ್ತುವಿನ ಮೇಲೆ ಭಾರ ಬಿದ್ದಾಗ, ಅದು ಕುಗ್ಗಿದಾಗ, ಅದರಿಂದ ರಸ ಇಳಿದಾಗ, ಅದು ಇಕ್ಕಟ್ಟಿನಲ್ಲಿ ಸಿಕ್ಕಿದಾಗ ಕನ್ನಡದಲ್ಲಿ ನಾವು ಬಳಸುವ ಮಾತುಗಳು ಯಾವುವು, ಅವು ನಮಗೆ ಏಕೆ ಬೇಕು ಎಂಬುದು.

ಈ ವಿಷಯ ಏಕೆಂದರೆ, ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳ ಮಾತನ್ನು ಒಮ್ಮೆ ಗಮನವಿಟ್ಟು ಕೇಳಿ. ಲಿಫ್ಟಿನ ಬಟನ್ ‘ಪ್ರೆಸ್ ಮಾಡು’. ಟೂತ್‌ಪೇಸ್ಟ್ ‘ಪ್ರೆಸ್ ಮಾಡು’. ನಿಂಬೆಹಣ್ಣು ‘ಪ್ರೆಸ್ ಮಾಡು’. ಬಟ್ಟೆ ‘ಪ್ರೆಸ್ ಮಾಡು’. ಅಜ್ಜಿಯ ಕಾಲು ‘ಪ್ರೆಸ್ ಮಾಡು’. ಐದು ಕೆಲಸಕ್ಕೂ ಒಂದೇ ಮಾತು. ಕನ್ನಡದಲ್ಲಿ ಹೇಳಿ ನೋಡಿ. ಬಟನ್ ಒತ್ತುತ್ತೇವೆ, ಪೇಸ್ಟ್ ಹಿಸುಕುತ್ತೇವೆ, ನಿಂಬೆಹಣ್ಣು ಹಿಂಡುತ್ತೇವೆ, ಬಟ್ಟೆಗೆ ಇಸ್ತ್ರಿ ಹಾಕುತ್ತೇವೆ. ಅಜ್ಜಿಯ ಕಾಲನ್ನು ಒತ್ತುತ್ತೇವೆ, ಆದರೆ ಬಟನ್ ಒತ್ತಿದ ಹಾಗಲ್ಲ. ಅಲ್ಲಿ ಒತ್ತುವುದರಲ್ಲಿ ಪ್ರೀತಿಯೂ ಇದೆ, ಅಜ್ಜಿಯ ‘ಸಾಕು ಮಗಾ’ ಎಂಬ ಮಾತಿಗೆ ಕಾಯುವುದೂ ಇದೆ. ಪ್ರತಿ ಮಾತಿಗೂ ಬೇರೆ ಕೈ, ಬೇರೆ ಬಲ, ಬೇರೆ ಉದ್ದೇಶ.

ಅಡುಗೆಮನೆಯಿಂದಲೇ ಶುರುಮಾಡೋಣ. ಈ ಮಾತುಗಳು ಹೆಚ್ಚಾಗಿ ಉಳಿದುಕೊಂಡಿರುವುದು ಅಲ್ಲೇ.

ಒತ್ತುವುದು ಎಂದರೆ ಮೇಲಿನಿಂದ ಬಲ ಹಾಕುವುದು. ಒರಳಿನಲ್ಲಿ ಹಿಟ್ಟಿಟ್ಟು ಚಕ್ಕುಲಿ ಒತ್ತುತ್ತೇವೆ. ಒತ್ತುಶ್ಯಾವಿಗೆಗೆ ಆ ಹೆಸರು ಬಂದದ್ದೇ ಹಾಗೆ. ಕರಾವಳಿಯ ಮನೆಗಳಲ್ಲಿ ಸೇಮಿಗೆ ಒತ್ತುವಾಗ ಒಬ್ಬರ ತೋಳು ಸಾಲದು ಎಂದು ಗಂಡಸರನ್ನೂ ಅಡುಗೆಮನೆಗೆ ಕರೆಯುತ್ತಿದ್ದರು. ಅವರು ಒಳಗೆ ಬರುತ್ತಿದ್ದದ್ದು ಅದೊಂದೇ ಕೆಲಸಕ್ಕೆ ಎಂದು ಇಲ್ಲಿ ಕೆಲವರು ನಗುತ್ತಿದ್ದೀರಿ! ಉತ್ತರ ಕರ್ನಾಟಕದವರ ಶ್ಯಾವಿಗೆ ಬೇರೆ. ಅಲ್ಲಿ ಒತ್ತುವುದಿಲ್ಲ, ಹೊಸೆಯುತ್ತಾರೆ. ದೀಪದ ಬತ್ತಿ ಹೊಸೆದ ಹಾಗೆ ಬೆರಳುಗಳ ನಡುವೆ ಎಳೆ ತೆಗೆಯುತ್ತಾರೆ. ಅದೇ ಕೈ ಬಲ ಜಾಸ್ತಿ ಹಾಕಿ ತಿಕ್ಕಿದರೆ ಅದು ಹೊಸಕುವುದು. ಹೊಸೆದರೆ ಎಳೆ ಬರುತ್ತದೆ, ಹೊಸಕಿದರೆ ಹೂವಿನ ಮೊಗ್ಗು ಹಾಳಾಗುತ್ತದೆ.

ಅದುಮುವುದು, ಅಮುಕುವುದು ಎಂದರೆ ಒತ್ತಿ ಹಿಡಿದು ಕೆಳಗೇ ಇರಿಸುವುದು. ಮಾವಿನಕಾಯಿ ಹೋಳುಗಳನ್ನು ಭರಣಿಗೆ ಅದುಮಿ ತುಂಬುತ್ತೇವೆ, ನಡುವೆ ಗಾಳಿ ಉಳಿಯಬಾರದು ಎಂದು. ಒತ್ತಿದ ಕೈ ಮೇಲೆದ್ದರೆ ಕೆಲಸ ಮುಗಿಯಿತು, ಅದುಮಿದ ಕೈ ಮಾತ್ರ ಅಲ್ಲೇ ಇರಬೇಕು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಂಡುವುದು ಎಂದರೆ ಒಳಗಿರುವುದನ್ನು ಹೊರಗೆ ತೆಗೆಯುವುದಕ್ಕಾಗಿ ಒತ್ತುವುದು ಅಥವಾ ತಿರುಚುವುದು. ನಿಂಬೆಹಣ್ಣು ಹಿಂಡು, ತೆಂಗಿನತುರಿಯ ಹಾಲು ಹಿಂಡು, ಒದ್ದೆ ಬಟ್ಟೆ ಹಿಂಡು. ಮೈಸೂರು ಕಡೆಯವರು ಹಸುವಿನ ಹಾಲು ಕರೆಯುತ್ತಾರೆ, ಧಾರವಾಡ ಕಡೆಯವರು ಎಮ್ಮಿ ಹಿಂಡತಾರ. ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವುದು ಹಿಂಡಿ, ಅದು ದನಕರುಗಳ ಆಹಾರ. ಆದರೆ ವಿಜಯಪುರ, ಬಾಗಲಕೋಟೆಯವರ ಮನೆಗೆ ಹೋದರೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಬಡಿಸುತ್ತಾರೆ. ‘ನಮಗೆ ಹಿಂಡಿ ಹಾಕ್ತೀರಾ?’ ಎಂದು ಮೈಸೂರಿನ ಅಳಿಯ ಬೆಚ್ಚಿಬಿದ್ದ ಕತೆಗಳು ಅಂತರ್‌ಜಿಲ್ಲಾ ಮದುವೆಯಾದ ಮನೆಗಳಲ್ಲಿ ಇದ್ದೇ ಇವೆ. ಊರಿನಲ್ಲಿದ್ದಿದ್ದರೆ ಈ ಎರಡು ಹಿಂಡಿಗಳು ಎದುರುಬದುರಾಗುತ್ತಿದ್ದದ್ದು ಅಪರೂಪ. ನಮ್ಮಂಥ ಹೊರನಾಡಿನ ಸಂಘದಲ್ಲಿ ಅವು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ.

ಹಿದುಕುವುದು ಎಂಬುದು ಅವರೆಕಾಳಿಗೇ ಮೀಸಲಾದ ಹಾಗಿರುವ ಮಾತು. ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಸಿಪ್ಪೆಯಿಂದ ಪುಟಕ್ಕನೆ ಹೊರಗೆ ಜಾರುತ್ತದೆ. ಹಿದುಕಿದ ಬೇಳೆ, ಹಿತಕಿದ ಬೇಳೆ, ಇದುಕಿದ ಬೇಳೆ ಎಂದು ಊರಿಗೊಂದು ಉಚ್ಚಾರ. ಬಲ ಸ್ವಲ್ಪ ಹೆಚ್ಚಾದರೆ ಬೇಳೆ ಒಡೆಯುತ್ತದೆ, ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಚಳಿಗಾಲದ ಸಂಜೆ ಬುಟ್ಟಿಯ ಸುತ್ತ ಕುಳಿತು ಹಿದುಕಿದ ಹೆಂಗಸರ ಬೆರಳುಗಳಿಗೆ ಮಾತ್ರ ಗೊತ್ತಿದ್ದ ಅಳತೆ ಅದು. ಆ ಅಳತೆಗೆ ಕನ್ನಡ ಒಂದು ಹೆಸರು ಕೊಟ್ಟಿತು.

ಕಿವುಚುವುದು ಹುಣಸೆಹಣ್ಣಿಗೆ. ಶುಂಠಿ, ಬೆಳ್ಳುಳ್ಳಿಗೆ ಜಜ್ಜುವುದು. ಅವಲಕ್ಕಿಗೆ ಕುಟ್ಟುವುದು. ಅಕ್ಕಿರೊಟ್ಟಿಗೆ ತಟ್ಟುವುದು, ಜೋಳದ ರೊಟ್ಟಿಗೆ ಬಡಿಯುವುದು, ಚಪಾತಿಗೆ ಲಟ್ಟಿಸುವುದು. ಇವುಗಳ ಪಕ್ಕದಲ್ಲೇ ಅರೆಯುವುದು, ರುಬ್ಬುವುದು, ಬೀಸುವುದು ಇದ್ದವು. ಮಿಕ್ಸಿ ಬಂದ ಮೇಲೆ ಅವೆಲ್ಲ ಸೇರಿ ‘ಮಿಕ್ಸಿಗೆ ಹಾಕು’ ಆದವು. ನಾನು ರುಬ್ಬುವ ಕಲ್ಲನ್ನು ವಾಪಸು ತನ್ನಿ ಎನ್ನುತ್ತಿಲ್ಲ. ಆ ಕಲ್ಲಿನ ಮುಂದೆ ನಮ್ಮ ಅಮ್ಮಂದಿರ ಸೊಂಟ ಏನಾಯಿತು ಎಂದು ನಮಗೆ ಗೊತ್ತು. ಕಲ್ಲು ಹೋಗಲಿ. ಕಲ್ಲಿನ ಜೊತೆ ಮಾತೂ ಹೋಗಬೇಕಾಗಿಲ್ಲ.

ಏಕೆಂದರೆ ಈ ಮಾತುಗಳು ಅಡುಗೆಮನೆಯಲ್ಲೇ ಕುಳಿತಿಲ್ಲ. ಅವು ನಮ್ಮ ಮನಸ್ಸಿನೊಳಗೂ ಹೋಗಿವೆ. ಚೆನ್ನಾಗಿದ್ದ ಎರಡು ಮನೆಗಳ ನಡುವೆ ಯಾರೋ ಹುಳಿ ಹಿಂಡುತ್ತಾರೆ. ಹಾಲಿಗೆ ಹುಳಿ ಬಿದ್ದರೆ ಏನಾಗುತ್ತದೆ ಎಂದು ತಿಳಿದವರು ಮಾತ್ರ ಕಟ್ಟಬಲ್ಲ ಮಾತು ಇದು. ಮಗುವಿನ ಅಳು ಕೇಳಿದರೆ ಕರುಳು ಹಿಂಡಿದಂತಾಗುತ್ತದೆ. ತಪ್ಪು ಮಾಡಿದ ಹುಡುಗನ ಕಿವಿ ಹಿಂಡುತ್ತಾರೆ. ಬೇಡದ್ದನ್ನು ಕಂಡರೆ ಮುಖ ಕಿವುಚುತ್ತೇವೆ. ತೀರಿಹೋದವರ ನೆನಪಾದರೆ ದುಃಖ ಒತ್ತರಿಸಿಕೊಂಡು ಬರುತ್ತದೆ, ಆಗ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತೇವೆ. ದೇವರ ಪ್ರಸಾದವನ್ನು, ಕಾಲು ತಾಗಿದ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಒಂದೇ ಒತ್ತುವಿಕೆ ದುಃಖಕ್ಕೂ ಆಯಿತು, ಭಕ್ತಿಗೂ ಆಯಿತು.

ಒತ್ತು ಎಂಬ ಮಾತಿನ ಸಂಸಾರ ದೊಡ್ಡದು. ತಮಿಳು, ತೆಲುಗು, ತುಳುಗಳಲ್ಲೂ ಅದರ ಬಂಧುಗಳಿದ್ದಾರೆ. ಕನ್ನಡದಲ್ಲಿ ಒಂದು ಅಕ್ಷರದ ಕೆಳಗೆ ಇನ್ನೊಂದು ವ್ಯಂಜನವನ್ನು ಬರೆದರೆ ಅದು ಒತ್ತಕ್ಷರ. ತೆಲುಗಿನವರೂ ‘ಒತ್ತುಲು’ ಎನ್ನುತ್ತಾರೆ. ಚಂದವೇನೆಂದರೆ, ‘ಒತ್ತು’ ಎಂದು ಬರೆಯುವಾಗ ಆ ಮಾತೇ ತನ್ನ ಕೆಳಗೆ ಒಂದು ತ ಒತ್ತನ್ನು ಹೊತ್ತುಕೊಂಡಿರುತ್ತದೆ. ನಮ್ಮ ಮಕ್ಕಳು ಕನ್ನಡ ತರಗತಿಯಲ್ಲಿ ಮೊದಲು ಎಡವುವುದೂ ಒತ್ತಿನಲ್ಲೇ. ಒತ್ತು ಬಿಟ್ಟರೆ ಕತ್ತೆ ಕತೆಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ. ಅಷ್ಟು ಸಣ್ಣ ಗುರುತಿನ ಮೇಲೆ ಅಷ್ಟು ದೊಡ್ಡ ಅರ್ಥ ನಿಂತಿದೆ.

ಮುದ್ರಣ ಬಂದಾಗ ಕನ್ನಡಿಗರು ಹೊಸ ಮಾತಿಗೆ ಪರದಾಡಲಿಲ್ಲ. ಅಚ್ಚು ಒತ್ತಿದರು. ಅಚ್ಚೊತ್ತುವುದು ಎಂದರು, ಅಚ್ಚುಕೂಟ ಎಂದರು. 1843ರಲ್ಲಿ ಮಂಗಳೂರಿನಿಂದ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಒತ್ತಿದ ಪತ್ರಿಕೆ. ಅದೇ ಊರಿನಲ್ಲಿ 1894ರಲ್ಲಿ ಫರ್ಡಿನೆಂಡ್ ಕಿಟೆಲ್ ಅವರ ದೊಡ್ಡ ನಿಘಂಟು ಅಚ್ಚಾಯಿತು. ಪರದೇಶದಿಂದ ಬಂದವರೊಬ್ಬರು ನಮ್ಮ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ಕಾಗದದ ಮೇಲೆ ಒತ್ತಿಸಿದರು. ಇಂದಿಗೂ ‘ಆ ದೃಶ್ಯ ಮನಸ್ಸಿನಲ್ಲಿ ಅಚ್ಚೊತ್ತಿದೆ’ ಎನ್ನುತ್ತೇವೆ. ಒತ್ತುವುದು ಅಂದರೆ ಅಳಿಸುವುದಷ್ಟೇ ಅಲ್ಲ, ಉಳಿಸುವುದೂ ಹೌದು ಎಂದು ಈ ಮಾತು ಹೇಳುತ್ತದೆ.

ಅದೇ ಸಂಸಾರದ ಇನ್ನು ಮೂವರನ್ನು ನೋಡಿ: ಒತ್ತಾಯ, ಒತ್ತುವರಿ, ಒತ್ತಾಸೆ. ಮೂವರ ಮೊದಲಲ್ಲೂ ‘ಒತ್ತು’ ನಿಂತಿದೆ. ಒತ್ತಾಯ ಎಂದರೆ ಬೇಡ ಅಂದರೂ ಮಾಡಿಸುವುದು. ಒತ್ತುವರಿ ಎಂದರೆ ಪಕ್ಕದವರ ಜಾಗಕ್ಕೆ ಮೆಲ್ಲಮೆಲ್ಲನೆ ನುಗ್ಗುವುದು. ಒತ್ತಾಸೆ ಎಂದರೆ ಬೆನ್ನಿಗೆ ನಿಂತು ಆಸರೆಯಾಗುವುದು. ಬೆನ್ನಿನ ಮೇಲೆ ಒಂದು ಕೈ ಬಿದ್ದಾಗ ಅದು ಮುಂದಕ್ಕೆ ತಳ್ಳುತ್ತಿದೆಯೋ, ಬೀಳದಂತೆ ಹಿಡಿದಿದೆಯೋ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ‘ಮನೆಯವರು ನನ್ನ ಓದಿಗೆ ಒತ್ತಾಸೆಯಾದರು’ ಎನ್ನುವುದಕ್ಕೂ ‘ಮನೆಯವರು ನನ್ನ ಮದುವೆಗೆ ಒತ್ತಾಯ ಮಾಡಿದರು’ ಎನ್ನುವುದಕ್ಕೂ ನಡುವೆ ಒಬ್ಬ ಹೆಣ್ಣುಮಗಳ ಇಡೀ ಬದುಕು ಇದೆ. ಎರಡಕ್ಕೂ ‘ಪ್ರೆಶರ್’, ‘ಸಪೋರ್ಟ್’ ಎಂದು ಹೇಳಬಹುದಲ್ಲ ಎಂದರೆ ಹೇಳಬಹುದು. ಆದರೆ ಅವೆರಡೂ ಒಂದೇ ಮನೆಯಲ್ಲಿ ಹುಟ್ಟಿದವು ಎಂಬ ಎಚ್ಚರ ಆ ಮಾತುಗಳಲ್ಲಿ ಇಲ್ಲ.

ಸಂಸ್ಕೃತದಿಂದ ಬಂದ ಮಾತುಗಳಲ್ಲೂ ಈ ಎಚ್ಚರವಿದೆ. ಪೀಡನ ಎಂದರೆ ಮೂಲದಲ್ಲಿ ಒತ್ತುವುದು, ಹಿಂಡುವುದು. ಅದರಿಂದಲೇ ಪೀಡೆ. ಸಂಸ್ಕೃತದಲ್ಲಿ ಮದುವೆಗೆ ಪಾಣಿಗ್ರಹಣ ಎನ್ನುವ ಹಾಗೆ ಪಾಣಿಪೀಡನ ಎಂದೂ ಹೆಸರಿದೆ, ಕೈಯನ್ನು ಒತ್ತಿ ಹಿಡಿಯುವುದು ಎಂದು. ಹಿಡಿದ ಕೈ ಪೀಡೆಯಾಯಿತೋ ಆಸರೆಯಾಯಿತೋ ಎಂಬುದನ್ನು ಆಯಾ ಮನೆಯವರೇ ಹೇಳಬೇಕು! ಸಂಕೋಚ ಎಂದರೆ ಕುಗ್ಗುವುದು. ಶಾಲೆಯಲ್ಲಿ ಸ್ನಾಯುಗಳ ಸಂಕೋಚನ ಎಂದು ಓದಿದ್ದು ಅದನ್ನೇ. ಮನೆಗೆ ಬಂದವರ ಎದುರು ಹುಡುಗಿ ಕುಗ್ಗಿದರೂ ಸಂಕೋಚ ಎಂದೆವು. ಮನಸ್ಸು ಚಿಕ್ಕದಾದವರನ್ನು ಸಂಕುಚಿತ ಬುದ್ಧಿಯವರು ಎಂದೆವು. ಹುಡುಗಿಯ ಸಂಕೋಚವನ್ನು ಮಾತ್ರ ಒಳ್ಳೆಯ ಗುಣ ಎಂದು ಹೊಗಳಿದೆವು.

ಇನ್ನು ಹೊಸ ಕಾಲದ ಮಾತುಗಳು. ನಮ್ಮ ಆಟೋಗಳು ಓಡುವ ಸಿಎನ್‌ಜಿಯನ್ನು ಕನ್ನಡ ಪತ್ರಿಕೆಗಳು ಸಾಂದ್ರೀಕೃತ ನೈಸರ್ಗಿಕ ಅನಿಲ ಎಂದು ಬರೆಯುತ್ತವೆ. ಸುತ್ತಲ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿ ಅದನ್ನು ಸಿಲಿಂಡರಿಗೆ ತುಂಬುತ್ತಾರೆ. ಅಡುಗೆಮನೆಯ ಸಿಲಿಂಡರಿನ 14.2 ಕೆ.ಜಿ. ಅನಿಲ ಒತ್ತಡಕ್ಕೆ ಸಿಕ್ಕಿ ದ್ರವವಾಗಿರುತ್ತದೆ, ಆದ್ದರಿಂದ ದ್ರವೀಕೃತ. ಇವು ಪತ್ರಿಕೆಯ ಮಾತುಗಳು, ನಾವು ಗ್ಯಾಸ್ ಅಂತಲೇ ಅನ್ನೋಣ. ಆದರೆ ಸ್ಮರಣ ಸಂಚಿಕೆಗೆ ಫೋಟೋ ಕಳಿಸುವಾಗ ‘ಫೈಲ್ ಕಂಪ್ರೆಸ್ ಮಾಡಿ ಕಳಿಸಿ’ ಎನ್ನುವ ಬದಲು ‘ಕುಗ್ಗಿಸಿ ಕಳಿಸಿ’ ಎನ್ನಲು ಏನೂ ತೊಂದರೆಯಿಲ್ಲ. ಅಡಕ ಎಂಬ ಇನ್ನೊಂದು ಒಳ್ಳೆಯ ಮಾತೂ ಇದೆ. ಕಡಿಮೆ ಜಾಗದಲ್ಲಿ ಹೆಚ್ಚು ತುಂಬಿದ್ದರೂ ಒಳಗಿನದು ನಲುಗಿಲ್ಲ, ಓರಣವಾಗಿ ಕುಳಿತಿದೆ ಎಂದು ಅದರ ಅರ್ಥ. ಸಿ.ಡಿ.ಗೆ ಅಡಕ ಮುದ್ರಿಕೆ ಎಂದು ಹೆಸರಿಟ್ಟವರು ಜಾಣರು. ಅದೇ ಜಾಗಕ್ಕೆ ಮನಸ್ಸಿಲ್ಲದ್ದನ್ನು ತಳ್ಳಿ ತುಂಬಿದರೆ ಅದು ತುರುಕುವುದು.

ಅಡಕಕ್ಕೂ ತುರುಕುವುದಕ್ಕೂ ಇರುವ ವ್ಯತ್ಯಾಸ ಮುಂಬಯಿಯ ಹೆಂಗಸಿಗೆ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಲೋಕಲ್ ಒಂದೇ ಸಾಕು. ಡಬ್ಬಿ ಕಿಕ್ಕಿರಿದಿರುತ್ತದೆ. ಬಾಗಿಲಲ್ಲಿ ನೂಕುನುಗ್ಗಲು. ಒಳಗೆ ಇಕ್ಕಟ್ಟು. ಇಳಿಯುವವರು ಒತ್ತರಿಸಿಕೊಂಡು ಬರುತ್ತಾರೆ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳು ಬಂದು ನಿಂತಾಗ ಮೂವರೂ ಸ್ವಲ್ಪ ಸ್ವಲ್ಪ ಸರಿದು, ಮೈ ಮುದುರಿಕೊಂಡು ಜಾಗ ಮಾಡುತ್ತಾರೆ. ಯಾವ ಕಾನೂನೂ ಆ ನಾಲ್ಕನೆಯ ಸೀಟನ್ನು ಕೊಟ್ಟಿಲ್ಲ, ಹೆಂಗಸರೇ ಒಬ್ಬರಿಗೊಬ್ಬರು ಕೊಟ್ಟುಕೊಂಡದ್ದು. 1992ರಲ್ಲಿ ಚರ್ಚ್‌ಗೇಟ್ ಮತ್ತು ಬೋರಿವಲಿ ನಡುವೆ ಮಹಿಳೆಯರಿಗೆಂದೇ ವಿಶೇಷ ರೈಲು ಶುರುವಾಯಿತು. ಅದರಲ್ಲೂ ಕಿಕ್ಕಿರಿಯಿತು. ಇಕ್ಕಟ್ಟು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ, ಜಾಗ ಸಾಲದಿರುವುದು ಮತ್ತು ದಾರಿ ತೋಚದಿರುವುದು. ಒಂದು ಕೋಣೆಯ ಚಾಳಿನಲ್ಲಿ ಸಂಸಾರ ಹೂಡಿದ ನಮ್ಮ ಹಿರಿಯರಿಗೆ ಈ ಎರಡೂ ಅರ್ಥ ಒಟ್ಟಿಗೆ ಗೊತ್ತಿದ್ದವು.

ಈಗ ಸ್ವಲ್ಪ ಗಂಭೀರವಾದ ಮಾತಿಗೆ ಬರುತ್ತೇನೆ. ಮಾತು ಕಡಿಮೆಯಾದರೆ ನಷ್ಟವೇನು, ಕೆಲಸ ನಡೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ವೈದ್ಯರ ಕೋಣೆಗೆ ಬನ್ನಿ.

ನಮ್ಮ ಕಟ್ಟಡದಲ್ಲಿ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರಿದ್ದಾರೆ. ಒಂದು ಮಧ್ಯಾಹ್ನ ‘ಎದಿ ಹಿಂಡಿದಂಗ ಆಗಾಕತ್ತೈತಿ’ ಎಂದರು. ಮನೆಯಲ್ಲಿದ್ದವನು ಮೊಮ್ಮಗ. ಒಳ್ಳೆಯ ಹುಡುಗ, ತಡಮಾಡದೆ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ವೈದ್ಯರು ಹಿಂದಿಯಲ್ಲಿ ‘ಎಂಥ ನೋವು?’ ಎಂದು ಕೇಳಿದರು. ಹುಡುಗ ‘ದರ್ದ್ ಹೈ’ ಎಂದ. ಚುಚ್ಚುತ್ತದೆಯಾ, ಉರಿಯುತ್ತದೆಯಾ, ಭಾರವಾ ಎಂದರೆ ಅವನಿಗೆ ಹೇಳಲು ಬರಲಿಲ್ಲ. ಅಜ್ಜಿ ಹೇಳಿದ ಹಿಂಡುವುದು ಅವನಿಗೆ ಬಟ್ಟೆಯ ವಿಷಯವಾಗಿಯೂ ಗೊತ್ತಿರಲಿಲ್ಲ, ಮನೆಯಲ್ಲಿ ಬಟ್ಟೆ ಹಿಂಡುವುದು ಮಷೀನು. ಅಷ್ಟರಲ್ಲಿ ಅಜ್ಜಿ ಎದೆಯ ಮಧ್ಯಕ್ಕೆ ಮುಷ್ಟಿ ಬಿಗಿಹಿಡಿದು ತೋರಿಸಿದರು. ವೈದ್ಯರು ಆ ಮುಷ್ಟಿಯನ್ನು ನೋಡಿಯೇ ಇಸಿಜಿ ತೆಗೆಸಲು ಹೇಳಿದರು. ಹೃದಯದ ನೋವಿರುವವರು ಎದೆಯ ಮೇಲೆ ಮುಷ್ಟಿ ಬಿಗಿಯುವುದು ವೈದ್ಯರಿಗೆ ಚಿರಪರಿಚಿತವಾದ ಲಕ್ಷಣ. ಅಜ್ಜಿ ಈಗ ಆರಾಮಾಗಿದ್ದಾರೆ. ಆದರೆ ಆ ದಿನ ಮಾತು ಮಾಡಬೇಕಾಗಿದ್ದ ಕೆಲಸವನ್ನು ಕೈ ಮಾಡಿತು.

ಆದ್ದರಿಂದ ತಿಳಿದುಕೊಂಡಿರೋಣ. ಎದೆ ಒತ್ತಿದಂತೆ, ಹಿಂಡಿದಂತೆ, ಬಿಗಿದಂತೆ, ಮೇಲೆ ಕಲ್ಲು ಹೇರಿದಂತೆ ಆಗುತ್ತಿದೆ ಎಂದರೆ ಅದನ್ನು ‘ಗ್ಯಾಸ್ ಇರಬೇಕು’ ಎಂದು ತಳ್ಳಿಹಾಕಬಾರದು. ಹೆಂಗಸರಲ್ಲಿ ಇದರ ಜೊತೆಗೆ, ಕೆಲವೊಮ್ಮೆ ಇದಿಲ್ಲದೆಯೂ, ಉಸಿರು ಕಟ್ಟುವುದು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು, ಕಾರಣವಿಲ್ಲದ ಸುಸ್ತು ಬರಬಹುದು. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಆಂಬ್ಯುಲೆನ್ಸಿಗೆ 108. ಮನೆಯ ಹಿರಿಯರು ಕನ್ನಡದಲ್ಲಿ ಹೇಳಿದ್ದನ್ನು ವೈದ್ಯರಿಗೆ ದಾಟಿಸುವವರು ನಮ್ಮ ಮಕ್ಕಳು. ಹಿಂಡುವುದಕ್ಕೂ ಚುಚ್ಚುವುದಕ್ಕೂ, ಸೆಳೆಯುವುದಕ್ಕೂ ಉರಿಯುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಏನನ್ನು ದಾಟಿಸಬಲ್ಲರು? ಹೆಣ್ಣುಮಕ್ಕಳಿಗೂ ಇದು ಬೇಕು. ತಿಂಗಳ ದಿನಗಳಲ್ಲಿ ಕಿಬ್ಬೊಟ್ಟೆ ಹಿಂಡುತ್ತಿದೆಯೋ ಬರೀ ಭಾರವೋ ಎಂದು ತಾಯಿಗೆ ಹೇಳುವ ಮಾತು ಅವರ ಬಾಯಲ್ಲಿರಬೇಕು.

ಉಸಿರಾಟ ನಿಂತು ಪ್ರಜ್ಞೆ ತಪ್ಪಿದವರಿಗೆ ಮಾಡುವ ಪ್ರಥಮ ಚಿಕಿತ್ಸೆಯೂ ಒತ್ತುವುದೇ. ದೊಡ್ಡವರಿಗಾದರೆ ಎದೆಯ ನಡುಮಧ್ಯೆ ಅಂಗೈಯ ಬುಡವಿಟ್ಟು, ಇನ್ನೊಂದು ಕೈಯನ್ನು ಅದರ ಮೇಲಿಟ್ಟು, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಆಗಲೇ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಇಲ್ಲಿ ಬಂತು ನೋಡಿ. ಇದು ಒತ್ತುವುದು, ಅದುಮುವುದಲ್ಲ. ಒತ್ತಿ, ಬಿಡಿ. ಒತ್ತಿ, ಬಿಡಿ. ಬಿಟ್ಟಾಗ ಹೃದಯಕ್ಕೆ ರಕ್ತ ತುಂಬುತ್ತದೆ. ಗಾಯದಿಂದ ರಕ್ತ ಸುರಿಯುತ್ತಿದ್ದರೆ ಮಾತ್ರ ಬಟ್ಟೆಯಿಟ್ಟು ಅದುಮಿ ಹಿಡಿಯಬೇಕು, ಬಿಡಬಾರದು. ನಮ್ಮ ಅಜ್ಜಿಯರ ಎರಡು ಮಾತುಗಳಲ್ಲಿ ಪ್ರಥಮ ಚಿಕಿತ್ಸೆಯ ಎರಡು ಪಾಠಗಳಿವೆ.

ಇನ್ನು ನಾನು ಷರತ್ತು ಮುರಿಯುವ ಐದು ನಿಮಿಷ. ವ್ಯಾಕರಣ ಎಂದು ಹೆದರಬೇಡಿ, ಎರಡೇ ರೂಪ.

ಮೊದಲನೆಯದು ‘ಇಸು’. ಕುಗ್ಗಿದಳು ಎಂದರೆ ಅವಳು ತಾನಾಗಿಯೇ ಕುಗ್ಗಿದ ಹಾಗೆ, ಹೂವು ಬಾಡಿದ ಹಾಗೆ, ಯಾರ ಕೈಯೂ ಕಾಣುವುದಿಲ್ಲ. ಕುಗ್ಗಿಸಿದರು ಎಂದ ತಕ್ಷಣ ಯಾರು ಎಂಬ ಪ್ರಶ್ನೆ ಏಳುತ್ತದೆ. ದನಿ ಅಡಗಿತು, ದನಿ ಅಡಗಿಸಿದರು. ಮುದುಡಿದಳು, ಮುದುಡಿಸಿದರು. ಓದು ನಿಂತಿತು, ಓದು ನಿಲ್ಲಿಸಿದರು. ನಮ್ಮ ಮನೆಗಳ ಕತೆ ಹೇಳುವಾಗ ನಾವು ಯಾವುದನ್ನು ಬಳಸುತ್ತೇವೆ? ‘ಮದುವೆಯಾದ ಮೇಲೆ ಅವಳ ಹಾಡು ನಿಂತುಹೋಯಿತು’ ಎನ್ನುತ್ತೇವೆ. ಹಾಡು ಗಡಿಯಾರವಲ್ಲ, ತಾನಾಗಿ ನಿಲ್ಲುವುದಕ್ಕೆ.

ಎರಡನೆಯದು ‘ಕೊಳ್ಳು’. ಅದುಮಿಟ್ಟುಕೊಂಡಳು, ನುಂಗಿಕೊಂಡಳು, ಹೊಂದಿಕೊಂಡಳು, ಮುದುರಿಕೊಂಡಳು. ಮಾಡಿದವಳೂ ಅವಳೇ, ಅನುಭವಿಸಿದವಳೂ ಅವಳೇ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ’ ಎಂಬ ಮಾತಿನಲ್ಲಿ ಇಂಗ್ಲಿಷ್ ಬಂದರೂ ಕೊನೆಯ ‘ಕೊಳ್ಳು’ ಮಾತ್ರ ಕನ್ನಡದ್ದೇ, ಭಾರವೆಲ್ಲ ಅದರ ಮೇಲೇ. ಅಳುವನ್ನು ಅದುಮಿಟ್ಟುಕೊಂಡಳು ಎಂದು ಕತೆಗಳಲ್ಲಿ ಎಷ್ಟು ಸಲ ಓದಿದ್ದೇವೆ! ಅದುಮಿದ ಕೈಯನ್ನು ತೆಗೆಯುವ ಹಾಗಿಲ್ಲ ಎಂದು ಆಗಲೇ ಹೇಳಿದೆ. ತೆಗೆದರೆ ಮೇಲೆ ಬರುತ್ತದೆ. ಹಾಗೆ ನಲವತ್ತು ವರ್ಷ ಕೈ ತೆಗೆಯದೆ ಕೂತವರು ನಮ್ಮ ನಡುವೆಯೇ ಇದ್ದಾರೆ. ಸೀಟಿನಲ್ಲಿ ನಾಲ್ಕನೆಯವಳಿಗೆ ಮುದುರಿಕೊಂಡದ್ದು ನಮ್ಮ ದೊಡ್ಡತನ. ಆದರೆ ಅಲ್ಲಿ ಮೂವರೂ ಸರಿದಿದ್ದರು. ಒಬ್ಬಳೇ ದಿನಾ ಮುದುರಿಕೊಂಡರೆ ಅದು ಹೊಂದಾಣಿಕೆಯಲ್ಲ, ಒತ್ತುವರಿ.

‘ಕೊಳ್ಳು’ವಿನ ಮೇಲೆ ದೂರು ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಬಿದ್ದು ಅಳುತ್ತ ಓಡಿಬಂದ ಮಗುವನ್ನು ಎದೆಗೆ ಅವುಚಿಕೊಳ್ಳುತ್ತೇವಲ್ಲ, ಅಲ್ಲಿಯೂ ಇರುವುದು ಅದೇ ‘ಕೊಳ್ಳು’. ಅವುಚುವುದೂ ಒತ್ತುವುದೇ, ಆದರೆ ಒತ್ತಿಸಿಕೊಂಡ ಮಗು ಅಳು ನಿಲ್ಲಿಸುತ್ತದೆ. ಹಿಸುಕುವುದು, ಹೊಸಕುವುದು, ಹತ್ತಿಕ್ಕುವುದು ಎಂಬ ಮಾತುಗಳ ಪಕ್ಕದಲ್ಲೇ ಅವುಚುವುದನ್ನೂ ಒತ್ತಾಸೆಯನ್ನೂ ಇಟ್ಟುಕೊಂಡಿರುವ ಭಾಷೆ ನಮ್ಮದು. ಎಲ್ಲವನ್ನೂ ‘ಪ್ರೆಸ್ ಮಾಡು’ ಎಂದರೆ ಮಗುವನ್ನು ಅವುಚಿದ ಕೈಗೂ ಕತ್ತು ಹಿಸುಕುವ ಕೈಗೂ ವ್ಯತ್ಯಾಸ ಹೇಳುವುದು ಹೇಗೆ? ಒತ್ತುತ್ತಿರುವುದು ಯಾರು, ಹೇಗೆ, ಏತಕ್ಕೆ ಎಂದು ಹೇಳಬಲ್ಲವಳಿಗೆ ಬೇಡ ಎನ್ನುವುದೂ ಸುಲಭ, ಬೇಕು ಎನ್ನುವುದೂ ಸುಲಭ.

ಕೊನೆಯದಾಗಿ ಒಂದು ಕೋರಿಕೆ. ‘ಪ್ರಜಾವಾಣಿ’ಯಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣ ಬರೆಯುತ್ತಿದ್ದಾಗ ಓದುಗರು ಒಂದೊಂದು ಪದದ ಅರ್ಥ ಕೇಳಿ ಪತ್ರ ಬರೆಯುತ್ತಿದ್ದರು. ಅಂಥ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ನಾವೂ ಮಾಡಬಹುದು. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಕ್ರಿಯಾಪದ ತನ್ನಿ. ನಿಮ್ಮ ತವರಿನಲ್ಲಿ ಬಳಸುತ್ತಿದ್ದ, ನಿಮ್ಮ ಮಕ್ಕಳಿಗೆ ಗೊತ್ತಿಲ್ಲದ ಮಾತು. ಯಾವ ಊರಿನದು, ಯಾವ ಕೆಲಸಕ್ಕೆ ಎಂದು ಒಂದೆರಡು ಸಾಲು ಬರೆದು ತಂದರೆ ಸಾಕು. ಕನ್ನಡ ತರಗತಿಯ ಮಕ್ಕಳಿಗೆ ಅದನ್ನು ಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ ಕೈಯಲ್ಲಿ ಮಾಡಿ ತೋರಿಸಿ. ನಿಂಬೆಹಣ್ಣು ಕೊಟ್ಟು ಹಿಂಡಿಸಿ, ನೆನೆಸಿದ ಅವರೆಕಾಳು ಕೊಟ್ಟು ಹಿದುಕಿಸಿ, ಹುಣಸೆಹಣ್ಣು ಕೊಟ್ಟು ಕಿವುಚಿಸಿ. ಕೈಗೆ ಬಂದ ಮಾತನ್ನು ಬಾಯಿ ಮರೆಯುವುದಿಲ್ಲ. ಗಂಡುಮಕ್ಕಳಿಂದಲೂ ಮಾಡಿಸಿ.